ಬಂದಣಿಕೆ

ಮಾವು, ಹಲಸು ಮೊದಲಾದ ವೃಕ್ಷಗಳ ಕೊಂಬೆಯಲ್ಲಿ ನೆಲೆಯೂರಿ, ಅವುಗಳ ನೀರನ್ನೂ ಲವಣಗಳನ್ನೂ ಹೀರಿ ಜೀವಿಸುವ ಸಸ್ಯಕ್ಕೆ ಕನ್ನಡದಲ್ಲಿ ಬಂದಣಿಕೆಯೆಂದು ಹೆಸರು. ಬಂದಳಿಕೆ, ಬದನಿಕೆ ಎಂಬ ರೂಪಗಳೂ ಉಂಟು. ಅಮರಕೋಶವು ಇಂಥ ಸಸ್ಯವನ್ನು ವಂದಾ, ವೃಕ್ಷಾದನೀ, ವೃಕ್ಷರುಹಾ ಎಂದು ಕರೆದಿದೆ. ವನವು ಬನವಾದಂತೆ ವಕಾರವು ಬಕಾರವಾಗುವುದು ಕನ್ನಡಕ್ಕೆ ಸಹಜವಾದುದರಿಂದ, ವಂದಾ ಶಬ್ದದೊಡನೆ ನಮ್ಮ ಪದದ ನಂಟನ್ನು ಊಹಿಸುವುದು ಅಸಂಗತವಾಗಲಾರದು. ಮರವನ್ನು ತಿನ್ನುವುದೆಂಬ ಅರ್ಥದ ವೃಕ್ಷಾದನಿಯಂತೂ ಪ್ರಾಚೀನರ ಸೂಕ್ಷ್ಮಾವಲೋಕನಕ್ಕೆ ಸಾಕ್ಷಿಯಾಗಿದೆ.

ಹೂಬಿಡುವ ಸಸ್ಯಗಳಲ್ಲಿ ಈ ಪರೋಪಜೀವನವು ಸುಮಾರು 12 ಬಾರಿ ಪ್ರತ್ಯೇಕವಾಗಿ ವಿಕಾಸಗೊಂಡಿತೆಂದು ವಿಜ್ಞಾನಿಗಳು ಎಣಿಸುತ್ತಾರೆ. ಅನ್ಯರಿಂದ ಆಹಾರ ದೊರೆತಂತೆಲ್ಲ ಸ್ವಂತ ದುಡಿಮೆಯ ವಂಶವಾಹಿಗಳು ಲೋಪಿಸುತ್ತ ಬರುತ್ತವೆ: ಬಂದಣಿಕೆಯು ಹಸುರೆಲೆಯನ್ನು ಉಳಿಸಿಕೊಂಡಿದ್ದರೂ, ಅದರ ಯುರೋಪಿನ ಬಂಧುವಾದ ವಿಸ್ಕಮ್ ಆಲ್ಬಮ್ ಉಸಿರಾಟಕ್ಕೆ ಸಂಬಂಧಿಸಿದ ಕೆಲವು ವಂಶವಾಹಿಗಳನ್ನೇ ಕಳೆದುಕೊಂಡಿರುವುದು 2015ರಲ್ಲಿ ಪ್ರಕಟವಾಯಿತು; ಎಲೆಯೇ ಇಲ್ಲದ, ಹಿಮಾಲಯದ ಹೆಸರನ್ನು ಹೊತ್ತ ಸಾಪ್ರಿಯವೆಂಬ ಪರೋಪಜೀವಿ ಸಸ್ಯವಾದರೋ ಕ್ಲೋರೋಪ್ಲಾಸ್ಟಿನ ವಂಶವಾಹಿಗಳ ಸಮುದಾಯವನ್ನೇ ತ್ಯಜಿಸಿದೆ.

ಬಂದಣಿಕೆಯನ್ನು ತೋಟದ ಪಿಡುಗೆಂದು ಮಾತ್ರ ಬಗೆಯುವವರು, ನಾವು ಪೂಜೆಯಲ್ಲಿ ತೇದು ಅರ್ಪಿಸುವ ಶ್ರೀಗಂಧವೂ ನೆರೆಮರಗಳ ಬೇರಿನಿಂದ ಪೋಷಣೆ ಪಡೆಯುವ, ಇದೇ ಗಣಕ್ಕೆ ಸೇರಿದ ಸಸ್ಯವೆಂಬುದನ್ನು ನೆನೆಯತಕ್ಕದ್ದು.