ಎನ್‌ಕ್ರಿಪ್ಶನ್ ಕೀಲಿ: ಸೃಷ್ಟಿಸಿದರಷ್ಟೇ ಸಾಲದು, ಕಾಪಾಡಿಕೊಳ್ಳುವುದು ಹೇಗೆ?

ಇ-ಮೇಲ್ ಪಾಸ್‌ವರ್ಡ್ ಮರೆತರೆ ಮೊಬೈಲಿಗೆ ಒಟಿಪಿ ತರಿಸಿಕೊಂಡು ಬದಲಾಯಿಸಬಹುದು. ಆದರೆ ನೀವೇ ಸೃಷ್ಟಿಸಿಕೊಂಡ ಎನ್‌ಕ್ರಿಪ್ಶನ್ ಕೀಲಿ ಕಳೆದುಹೋದರೆ ಅದನ್ನು ಮರಳಿ ಕೊಡುವವರು ಯಾರೂ ಇಲ್ಲ. ಅದರಿಂದ ಮಾತ್ರ ತೆರೆಯಬಹುದಾದ ಕಡತಗಳು ಶಾಶ್ವತವಾಗಿ ಮುಚ್ಚಿಹೋಗುತ್ತವೆ. ಆದ್ದರಿಂದ ಕೀಲಿ ಸೃಷ್ಟಿಸಿದ ದಿನವೇ ಮಾಡಬೇಕಾದ ಕೆಲಸಗಳು ಇಲ್ಲಿವೆ.

ಏನಿದು ಜಿಪಿಜಿ?

ಅಮೆರಿಕದ ಫಿಲ್ ಜಿಮ್ಮರ್‌ಮನ್ 1991ರಲ್ಲಿ ಪಿಜಿಪಿ ತಂತ್ರಾಂಶ ಹೊರತಂದರು. ಅದೇ ಬಗೆಯ ಕೆಲಸ ಮಾಡುವ ಉಚಿತ, ಮುಕ್ತ ತಂತ್ರಾಂಶ ಗ್ನೂಪಿಜಿ, ಅಂದರೆ ಜಿಪಿಜಿ. ಜರ್ಮನಿಯ ವರ್ನರ್ ಕಾಖ್ ರೂಪಿಸಿದ ಇದರ 1.0 ಆವೃತ್ತಿ ಬಂದದ್ದು 1999ರಲ್ಲಿ.

ಇದರಲ್ಲಿ ಎರಡು ಕೀಲಿಗಳಿರುತ್ತವೆ. ಸಾರ್ವಜನಿಕ ಕೀಲಿಯನ್ನು ಯಾರಿಗೆ ಬೇಕಾದರೂ ಕೊಡಬಹುದು. ಅದರಿಂದ ಬೀಗ ಹಾಕಲು ಮಾತ್ರ ಸಾಧ್ಯ. ತೆರೆಯುವುದು ನಿಮ್ಮ ಬಳಿಯ ಖಾಸಗಿ ಕೀಲಿ.

ಕೀಲಿ ಸೃಷ್ಟಿ, ಅವಧಿ

ಟರ್ಮಿನಲ್‌ನಲ್ಲಿ 'ಜಿಪಿಜಿ --ಫುಲ್-ಜನರೇಟ್-ಕೀ' ಎಂಬ ಆಜ್ಞೆ ಕೊಡಿ. (ಆಜ್ಞೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.) ಅದು ಕೀಲಿಯ ಬಗೆ, ಅವಧಿ, ಹೆಸರು, ಇ-ಮೇಲ್ ಕೇಳುತ್ತದೆ. ಕೊನೆಗೆ ಖಾಸಗಿ ಕೀಲಿಯನ್ನು ಕಾಯುವ ಪಾಸ್‌ಫ್ರೇಸ್ ಕೊಡಬೇಕು.

ಅವಧಿಯನ್ನು ಒಂದೆರಡು ವರ್ಷಕ್ಕೆ ಇಡುವುದು ಒಳ್ಳೆಯದು. ಕೀಲಿ ನಿಮ್ಮ ಕೈತಪ್ಪಿದರೂ ಅದು ತಾನಾಗಿ ಚಲಾವಣೆಯಿಂದ ಹೊರಬೀಳುತ್ತದೆ. ಕೈಯಲ್ಲಿದ್ದರೆ 'ಕ್ವಿಕ್-ಸೆಟ್-ಎಕ್ಸ್‌ಪೈರ್' ಆಜ್ಞೆಯಿಂದ ಅವಧಿ ವಿಸ್ತರಿಸಬಹುದು. ಮುಖ್ಯ ಕೀಲಿಗೆ ಒಮ್ಮೆ, ಕೊನೆಯಲ್ಲಿ ನಕ್ಷತ್ರ ಚಿಹ್ನೆ ಸೇರಿಸಿ ಉಪಕೀಲಿಗಳಿಗೆ ಇನ್ನೊಮ್ಮೆ ಈ ಆಜ್ಞೆ ಕೊಡಬೇಕು. ಅವಧಿ ಮುಗಿಯುವ ಮೊದಲೇ ಇದನ್ನು ಮಾಡಿ, ಸಾರ್ವಜನಿಕ ಕೀಲಿಯನ್ನು ಸ್ನೇಹಿತರಿಗೆ ಮತ್ತೆ ಕಳುಹಿಸಿ.

ಬ್ಯಾಕಪ್

'ಎಕ್ಸ್‌ಪೋರ್ಟ್-ಸೀಕ್ರೆಟ್-ಕೀಸ್' ಆಜ್ಞೆಯ ಜೊತೆ 'ಆರ್ಮರ್' ಆಯ್ಕೆ ಸೇರಿಸಿದರೆ ಖಾಸಗಿ ಕೀಲಿ ಸಾದಾ ಅಕ್ಷರಗಳ ಕಡತವಾಗಿ ಸಿಗುತ್ತದೆ. ಇದನ್ನು ಎರಡು ಪೆನ್‌ಡ್ರೈವ್‌ಗಳಲ್ಲಿ ಹಾಕಿ ಬೇರೆ ಬೇರೆ ಜಾಗದಲ್ಲಿಡಿ. ಈ ಪ್ರತಿಗೂ ಅದೇ ಪಾಸ್‌ಫ್ರೇಸ್ ಬೇಕು. ಅದನ್ನೇ ಮರೆತರೆ ಬ್ಯಾಕಪ್ ಇದ್ದೂ ಇಲ್ಲದಂತೆ.

ರದ್ದತಿ ಪತ್ರ

ಲ್ಯಾಪ್‌ಟಾಪ್ ಕಳುವಾದರೆ 'ಈ ಕೀಲಿ ಇನ್ನು ನನ್ನದಲ್ಲ' ಎಂದು ಸಾರಲು ರದ್ದತಿ ಪತ್ರ ಬೇಕು. 2.1ರ ನಂತರದ ಆವೃತ್ತಿಗಳು ಕೀಲಿಯ ಜೊತೆಗೇ ಇದನ್ನೂ ತಯಾರಿಸುತ್ತವೆ. ಲಿನಕ್ಸ್‌ನಲ್ಲಿ ಇದು '.ಗ್ನೂಪಿಜಿ' ಎಂಬ ಅಡಗಿದ ಫೋಲ್ಡರ್‌ನೊಳಗಿನ 'ಓಪನ್‌ಪಿಜಿಪಿ-ರೆವಾಕ್ಸ್.ಡಿ' ಫೋಲ್ಡರ್‌ನಲ್ಲಿರುತ್ತದೆ. ಆದರೆ ಕಂಪ್ಯೂಟರ್ ಹೋದರೆ ಅದೂ ಹೋಯಿತು. ಹಾಗಾಗಿ ಮೊದಲೇ ಪ್ರತಿ ತೆಗೆದು, ಸಾಧ್ಯವಾದರೆ ಮುದ್ರಿಸಿ ಬೇರೆ ಕಡೆ ಇಡಿ.

ಕೈತಪ್ಪಿ ಬಳಕೆಯಾಗದಿರಲೆಂದು ಈ ಪತ್ರದ ಮೊದಲ ಗೆರೆಯ ಮುಂದೆ ಒಂದು ಕೋಲನ್ ಚಿಹ್ನೆ ಇರುತ್ತದೆ. ಅಗತ್ಯ ಬಿದ್ದಾಗ ಅದನ್ನು ಅಳಿಸಿ, 'ಇಂಪೋರ್ಟ್' ಮಾಡಿ, ರದ್ದಾದ ಸಾರ್ವಜನಿಕ ಕೀಲಿಯನ್ನು ಎಲ್ಲರಿಗೂ ಕಳುಹಿಸಬೇಕು. ನೆನಪಿಡಿ: ಈ ಪತ್ರ ಬೇರೆಯವರಿಗೆ ಸಿಕ್ಕರೆ ಅವರು ನಿಮ್ಮ ಕೀಲಿಯನ್ನು ರದ್ದುಪಡಿಸಬಹುದು, ಆದರೆ ನಿಮ್ಮ ಪತ್ರಗಳನ್ನು ಓದಲಾರರು.

ಬೆರಳಚ್ಚು ಹೋಲಿಸಿ

ಯಾರು ಬೇಕಾದರೂ ನಿಮ್ಮ ಹೆಸರಿನಲ್ಲಿ ಕೀಲಿ ಸೃಷ್ಟಿಸಬಹುದು. ಆದ್ದರಿಂದ ಹೆಸರು ನೋಡಿ ನಂಬಬೇಡಿ. 'ಫಿಂಗರ್‌ಪ್ರಿಂಟ್' ಆಜ್ಞೆ ತೋರಿಸುವ 40 ಅಕ್ಷರಗಳನ್ನು ಫೋನಿನಲ್ಲೋ ಮುಖತಃವೋ ಪೂರ್ತಿ ಹೋಲಿಸಿ.

ಕೊನೆಯದಾಗಿ, ವರ್ಷಕ್ಕೊಮ್ಮೆ ನಿಮ್ಮದೇ ಇನ್ನೊಂದು ಕಂಪ್ಯೂಟರ್‌ನಲ್ಲಿ ಬ್ಯಾಕಪ್ ಅನ್ನು 'ಇಂಪೋರ್ಟ್' ಮಾಡಿ, ಹಳೆಯ ಕಡತವೊಂದು ತೆರೆಯುತ್ತದೆಯೇ ಎಂದು ಪರೀಕ್ಷಿಸಿ. ತೆರೆದರೆ ಮಾತ್ರ ಅದನ್ನು ಬ್ಯಾಕಪ್ ಎನ್ನಬಹುದು.