ಟಾಲ್ಬಟ್ ಮನೆತನ

ವೇಲ್ಸ್ ನಾಡಿನ ದಕ್ಷಿಣ ಕರಾವಳಿಯಲ್ಲಿ ಪೋರ್ಟ್ ಟಾಲ್ಬಟ್ ಎಂಬ ಬಂದರು ಪಟ್ಟಣವುಂಟು. ಅಲ್ಲಿಯ ಉಕ್ಕಿನ ಕಾರ್ಖಾನೆಯು 2007ರಲ್ಲಿ ನಮ್ಮ ದೇಶದ ಟಾಟಾ ಸಂಸ್ಥೆಯ ಕೈಸೇರಿತು. 2024ರಲ್ಲಿ ಅದರ ಕೊನೆಯ ಊದುಕುಲುಮೆಯು ಆರಿತು. ಆದರೆ ಆ ಊರಿಗೆ ತನ್ನ ಹೆಸರನ್ನಿತ್ತ ಟಾಲ್ಬಟನು ಯಾರೆಂಬುದನ್ನು ನಮ್ಮಲ್ಲಿ ಬಲ್ಲವರು ವಿರಳ.

ಕ್ರಿಸ್ಟೋಫರ್ ರೈಸ್ ಮ್ಯಾನ್ಸೆಲ್ ಟಾಲ್ಬಟನು 1803ರಲ್ಲಿ ಜನಿಸಿದನು. ಹತ್ತು ವರ್ಷದ ಬಾಲಕನಿರುವಾಗಲೇ ತಂದೆಯು ತೀರಿಕೊಂಡು, ಗ್ಲಾಮರ್ಗನ್ ಸೀಮೆಯ ಮಾರ್ಗಮ್ ಮತ್ತು ಪೆನ್ರೈಸ್ ಎಂಬ ವಿಸ್ತಾರವಾದ ಜಮೀನುಗಳಿಗೆ ಆತನು ಒಡೆಯನಾದನು. ಮಾರ್ಗಮ್ ಹಿಂದೆ ಕ್ರೈಸ್ತ ಸನ್ಯಾಸಿಗಳ ಮಠದ ಭೂಮಿ. ಹದಿನಾರನೆಯ ಶತಮಾನದಲ್ಲಿ ಮಠವು ಮುಚ್ಚಿದ ಮೇಲೆ ಮ್ಯಾನ್ಸೆಲ್ ವಂಶದವರು ಅದನ್ನು ಕೊಂಡಿದ್ದರು. ಆಕ್ಸ್‌ಫರ್ಡಿನಲ್ಲಿ ಗಣಿತದಲ್ಲಿ ಪ್ರಥಮ ಶ್ರೇಣಿ ಪಡೆದ ಈತನು 1830ರಲ್ಲಿ ಪಾರ್ಲಿಮೆಂಟನ್ನು ಪ್ರವೇಶಿಸಿ, 1890ರಲ್ಲಿ ಮರಣಹೊಂದುವವರೆಗೆ ಅರವತ್ತು ವರ್ಷ ಅಲ್ಲಿಯೇ ಇದ್ದನು. ಸಭೆಯಲ್ಲಿ ಆತನು ಬಾಯಿ ತೆರೆದದ್ದು ಒಮ್ಮೆ ಮಾತ್ರ, ಅದೂ ಕಿಟಕಿಯನ್ನು ಮುಚ್ಚಿರೆಂದು ಹೇಳುವುದಕ್ಕೆ ಎಂಬ ಪ್ರತೀತಿಯಿದೆ. ಕಥೆಯ ನಿಜವೆಷ್ಟೇ ಇರಲಿ, ಮಿತಭಾಷಿಯೆಂಬ ಹೆಸರಂತೂ ಆತನಿಗಿತ್ತು.

ಮಾತಿಲ್ಲದವನು ಕಾರ್ಯವಿಲ್ಲದವನಲ್ಲ. ಅಬೆರಾವನ್ ಊರಿನ ಬಂದರನ್ನು ಸುಧಾರಿಸುವುದಕ್ಕೆ ಮುಂದಾದವರಲ್ಲಿ ಈತನು ಪ್ರಮುಖನು. 1836ರಲ್ಲಿ ಆ ಬಂದರಿಗೆ ಪೋರ್ಟ್ ಟಾಲ್ಬಟ್ ಎಂಬ ನಾಮಕರಣವಾಯಿತು. ಬ್ರುನೆಲ್ ಎಂಬ ಪ್ರಸಿದ್ಧ ಎಂಜಿನಿಯರನು ಹಾಕಿದ ದಕ್ಷಿಣ ವೇಲ್ಸಿನ ರೈಲುಮಾರ್ಗದ ಕಂಪೆನಿಗೆ ಈತನೇ ಅಧ್ಯಕ್ಷನಾಗಿದ್ದನು.

ಇನ್ನೊಂದು ಸಂಗತಿಯನ್ನು ಚರಿತ್ರೆಯ ವಿದ್ಯಾರ್ಥಿಯು ಬಿಡಲಾಗದು. 1830ರ ದಶಕದಲ್ಲಿ ಆತನು ಮಾರ್ಗಮಿನಲ್ಲಿ ಭವ್ಯವಾದ ಸೌಧವನ್ನು ಕಟ್ಟಿಸಿದಾಗ, ಸಮೀಪದ ಹಳೆಯ ಹಳ್ಳಿಯನ್ನೇ ತೆಗೆಸಿ, ಜನರನ್ನು ಗ್ರೋಸ್ ಎಂಬ ಹೊಸ ಊರಿಗೆ ಸಾಗಿಸಿದನು. ಹೊಸ ಮನೆಗಳು ಚೆನ್ನಾಗಿಯೇ ಇದ್ದವು. ಎಲ್ಲಿ ಬಾಳಬೇಕೆಂಬ ಆಯ್ಕೆ ಮಾತ್ರ ಒಕ್ಕಲಿನವರದಾಗಿರಲಿಲ್ಲ. ಆ ಗ್ರೋಸ್ ಊರೂ 1970ರ ದಶಕದಲ್ಲಿ ಹೆದ್ದಾರಿಗಾಗಿ ನೆಲಸಮವಾಯಿತು. ಅದರ ಎಂಟು ಮೂಲೆಯ ಪ್ರಾರ್ಥನಾ ಮಂದಿರವೊಂದನ್ನು ಮಾತ್ರ ಕಲ್ಲುಕಲ್ಲಾಗಿ ಬಿಚ್ಚಿ ಬೇರೆಡೆ ನಿಲ್ಲಿಸಿದರು.

ಛಾಯಾಗ್ರಹಣದ ಆದ್ಯ ಸಂಶೋಧಕರಲ್ಲೊಬ್ಬನಾದ ಹೆನ್ರಿ ಫಾಕ್ಸ್ ಟಾಲ್ಬಟನು ಈತನ ದೊಡ್ಡಮ್ಮ–ಚಿಕ್ಕಮ್ಮಂದಿರ ಕಡೆಯ ಸೋದರನು. ಇಬ್ಬರ ತಾಯಂದಿರು ಒಡಹುಟ್ಟಿದವರು. ವೇಲ್ಸಿನಲ್ಲಿ ತೆಗೆದ ಅತಿ ಹಳೆಯ ಛಾಯಾಚಿತ್ರವೆಂದು ಹೆಸರಾದುದು 1841ರ ಮಾರ್ಗಮ್ ಸೌಧದ ಚಿತ್ರ.

ಸಂಸಾರಸುಖವು ಟಾಲ್ಬಟನಿಗೆ ಬಹುಕಾಲ ದಕ್ಕಲಿಲ್ಲ. ಪತ್ನಿ ಷಾರ್ಲಟ್ 1846ರಲ್ಲಿ ನಾಲ್ವರು ಎಳೆಯ ಮಕ್ಕಳನ್ನು ಬಿಟ್ಟು ತೀರಿಕೊಂಡಳು. ಒಬ್ಬನೇ ಮಗ ಥಿಯೋಡರನು ಬೇಟೆಯಲ್ಲಿ ಪೆಟ್ಟು ತಿಂದು 1876ರಲ್ಲಿ ಮಡಿದನು. ಹೀಗಾಗಿ ಆಸ್ತಿಯೆಲ್ಲ ಅವಿವಾಹಿತೆಯಾದ ಹಿರಿಯ ಮಗಳು ಎಮಿಲಿಯ ಪಾಲಿಗೆ ಬಂದಿತು. ನನ್ನ ಮಟ್ಟಿಗೆ ಈ ಮನೆತನದ ಕಥೆಯ ಸಾರವತ್ತಾದ ಭಾಗವು ಇಲ್ಲಿಂದಲೇ ಮೊದಲು. ಆಕೆಯು ಇಪ್ಪತ್ತೆಂಟು ವರ್ಷ ಜಮೀನನ್ನು ನಡೆಸಿದಳು. ರೈಲು ಮತ್ತು ಹಡಗುಕಟ್ಟೆಯ ಹೊಸ ಕಂಪೆನಿಗೆ ಬೆಂಬಲವಾಗಿ ನಿಂತಳು. 1898ರಲ್ಲಿ ಹೊಸ ಹಡಗುಕಟ್ಟೆಯು ತೆರೆಯಿತು. ತಮ್ಮನಂತಿದ್ದ ಅಣ್ಣನ ನೆನಪಿಗೆ ಊರಿನಲ್ಲಿ ಚರ್ಚೊಂದನ್ನು ಕಟ್ಟಿಸಿದಳು. ಆದರೂ ತಂದೆಯು ಅರವತ್ತು ವರ್ಷ ಕುಳಿತ ಸಭೆಗೆ ಸದಸ್ಯರನ್ನು ಆರಿಸುವ ಮತವೂ ಆಕೆಗಿರಲಿಲ್ಲ. ಮೂವತ್ತು ದಾಟಿದ ಸ್ತ್ರೀಯರಲ್ಲಿ ಹಲವರಿಗೆ ಆ ಹಕ್ಕನ್ನಿತ್ತ ಕಾನೂನು 1918ರಲ್ಲಿ ಬಂದಿತು. ಅದೇ ವರ್ಷ ಎಮಿಲಿಯು ಕಾಲವಾದಳು.

ಆಸ್ತಿಯು ತಂಗಿಯ ಮಗನಿಗೆ ಸೇರಿ, 1940ರ ದಶಕದ ಮೊದಲಲ್ಲಿ ಮಾರಾಟವಾಯಿತು. ಸೌಧವು ಮುಂದೆ ಸ್ಥಳೀಯ ಸರ್ಕಾರದ ವಶಕ್ಕೆ ಬಂದು, 1977ರಲ್ಲಿ ಬೆಂಕಿಗೆ ತುತ್ತಾಯಿತು. ಸುತ್ತಲಿನ ವನವು ಸಾರ್ವಜನಿಕರ ಉದ್ಯಾನವಾಗಿದೆ.