ಫ್ಯೂಸ್ ಹಾರದ ಶಾರ್ಟ್

ಹೆಡ್‌ಲೈಟಿನ ವೈರು ಸವೆದು ಬಾಡಿಗೆ ತಗುಲಿದರೆ ಫ್ಯೂಸ್ ಹಾರುತ್ತದೆ. ಹೊಸದು ಹಾಕಿದರೆ ಅದೂ ಹಾರುತ್ತದೆ. ಹಳೆಯ ಆಟೊ ಎಲೆಕ್ಟ್ರಿಷಿಯನ್ನರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು: ಫ್ಯೂಸಿನ ಜಾಗಕ್ಕೆ ಒಂದು ಬಲ್ಬ್ ಸಿಕ್ಕಿಸುವುದು. ಶಾರ್ಟ್ ಇರುವಷ್ಟು ಹೊತ್ತೂ ಬಲ್ಬ್ ಉರಿಯುತ್ತದೆ. ವೈರಿಂಗನ್ನು ಅಲುಗಾಡಿಸುತ್ತ ಹೋದಾಗ ಎಲ್ಲಿ ಅದು ಆರುತ್ತದೋ ಅಲ್ಲೇ ತೊಂದರೆ. ಕರೆಂಟು ಧಾರಾಳವಾಗಿ ಹರಿಯುತ್ತಿದ್ದ ಕಾಲಕ್ಕೆ ಇಷ್ಟು ವಿದ್ಯೆ ಸಾಕಿತ್ತು.

ಸಾಲದಂತಾದದ್ದು ಲಾಸ್ ಏಂಜಲೀಸಿನ ಹೊಗೆಯಿಂದ. ಅನಾನಸಿನ ಪರಿಮಳವನ್ನು ಅಭ್ಯಾಸ ಮಾಡುತ್ತಿದ್ದ ಕ್ಯಾಲ್‌ಟೆಕ್‌ನ ವಿಜ್ಞಾನಿ ಆರಿ ಹಾಗೆನ್-ಸ್ಮಿಟ್, ಊರಿನ ಕಣ್ಣುರಿಗೆ ಮೋಟಾರು ಹೊಗೆಯೂ ಬಿಸಿಲೂ ಸೇರಿ ಕಾರಣ ಎಂದು 1950ರ ದಶಕದ ಆರಂಭದಲ್ಲೇ ತೋರಿಸಿಕೊಟ್ಟಿದ್ದರು. ಮೋಟಾರು ಹೊಗೆಯ ಮೇಲೆ ಕ್ಯಾಲಿಫೋರ್ನಿಯಾದ ಕಾನೂನು ಬಿಗಿಯಾಗುತ್ತ ಹೋಯಿತು. 1967ರಲ್ಲಿ ಅಮೆರಿಕಕ್ಕೆ ಹೋಗುವ ಫೋಕ್ಸ್‌ವ್ಯಾಗನ್ 1600 ಕಾರಿಗೆ ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ಬಂತು. ಕಾರ್ಬ್ಯುರೇಟರ್ ಇಲ್ಲ, ಗಾಳಿಯ ಒತ್ತಡ, ಎಂಜಿನ್ನಿನ ಬಿಸಿ ನೋಡಿ ಪೆಟ್ರೋಲ್ ಎಷ್ಟೆಂದು ತೀರ್ಮಾನಿಸುವುದು ಟ್ರಾನ್ಸಿಸ್ಟರುಗಳ ಒಂದು ಪೆಟ್ಟಿಗೆ.

ಬಿಸಿ ಅಳೆಯುವ ಸೆನ್ಸರಿನ ಗುಣ ವಿಚಿತ್ರ. ಬಿಸಿ ಏರಿದಷ್ಟೂ ಅದರ ರೋಧ ಇಳಿಯುತ್ತದೆ. ಮುಂದೆ ರೂಢಿಗೆ ಬಂದ ಕಂಪ್ಯೂಟರುಗಳು ತಮ್ಮೊಳಗಿನ ಒಂದು ರೆಸಿಸ್ಟರ್ ಮೂಲಕ 5 ವೋಲ್ಟ್ ಕಳಿಸಿ, ಸೆನ್ಸರಿನ ಬಳಿ ಎಷ್ಟು ಉಳಿಯಿತು ಎಂದು ನೋಡುತ್ತವೆ. ಆ ವೈರು ಬಾಡಿಗೆ ತಗುಲಿದರೂ ಹರಿಯುವುದು ಕೆಲವೇ ಮಿಲಿಆಂಪಿಯರ್. ಫ್ಯೂಸ್ ಹಾರುವುದಿಲ್ಲ, ಹೊಗೆಯಿಲ್ಲ, ಸುಟ್ಟ ವಾಸನೆಯೂ ಇಲ್ಲ. ವೋಲ್ಟೇಜು ಸೊನ್ನೆಗೆ ಇಳಿದದ್ದನ್ನು ಕಂಡ ಕಂಪ್ಯೂಟರಿಗೆ ಎಂಜಿನ್ ವಿಪರೀತ ಕಾದಂತೆ ತೋರುತ್ತದೆ. ಚಳಿಯಲ್ಲಿ ಬೇಕಾದ ಹೆಚ್ಚಿನ ಪೆಟ್ರೋಲನ್ನು ಅದು ಕೊಡುವುದಿಲ್ಲ, ಗಾಡಿ ಸುಲಭಕ್ಕೆ ಸ್ಟಾರ್ಟ್ ಆಗುವುದಿಲ್ಲ.

ಇಂಥಲ್ಲಿ ಟೆಸ್ಟ್ ಲ್ಯಾಂಪಿಗೆ ಉರಿಯುವಷ್ಟು ಕರೆಂಟೇ ಸಿಗದು. ಬ್ರಿಟನ್ನಿನ ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮೆಕಾಡಿ ರೂಪಿಸಿ, 1923ರಿಂದ ತಯಾರಾದ ಆವೋಮೀಟರ್ ಅಷ್ಟು ಹೊತ್ತಿಗೆ ಹಲವು ದಶಕ ರಿಪೇರಿಗಾರರ ನಂಬಿಕೆ ಗಳಿಸಿತ್ತು. ಆದರೆ ಇಂಥ ಮುಳ್ಳಿನ ಮೀಟರು ಅಳೆಯುವಾಗ ತಾನೂ ಸ್ವಲ್ಪ ಕರೆಂಟು ಎಳೆಯುತ್ತದೆ. ಸೂಕ್ಷ್ಮ ಸರ್ಕೀಟಿನಲ್ಲಿ ಅಷ್ಟರಿಂದಲೇ ಅಳತೆ ತಪ್ಪುತ್ತದೆ. 10 ಮೆಗಾಓಮ್ ರೋಧದ ಡಿಜಿಟಲ್ ಮೀಟರುಗಳು, 1983ರ ಫ್ಲೂಕ್ 77ರಂಥವು, ಗ್ಯಾರೇಜಿಗೆ ಅಗತ್ಯವಾದದ್ದು ಹೀಗೆ.

ನಿಜವಾದ ತಿರುವು ಮೀಟರಿನಿಂದ ಬರಲಿಲ್ಲ, ಗಾಡಿಯೊಳಗಿನಿಂದಲೇ ಬಂತು. 1981ರಲ್ಲಿ ಜನರಲ್ ಮೋಟರ್ಸ್ ತನ್ನ ಕಾರುಗಳಿಗೆ ವ್ಯಾಪಕವಾಗಿ ಕಂಪ್ಯೂಟರ್ ಅಳವಡಿಸಿದಾಗ ಡ್ಯಾಶ್‌ಬೋರ್ಡಿನ ‘ಚೆಕ್ ಎಂಜಿನ್’ ದೀಪಕ್ಕೆ ಎಣಿಸಲು ಕಲಿಸಿತು. ತಪಾಸಣೆಯ ಸಾಕೆಟ್ಟಿನ ಎರಡು ಪಿನ್ನುಗಳನ್ನು ಒಂದು ಪೇಪರ್ ಕ್ಲಿಪ್ಪಿನಿಂದ ಜೋಡಿಸಿದರೆ ದೀಪ ಮಿಟುಕುತ್ತಿತ್ತು. ಒಮ್ಮೆ ಮಿಟುಕಿ, ತಡೆದು, ನಾಲ್ಕು ಸಲ ಮಿಟುಕಿದರೆ 14: ಬಿಸಿಯ ಸೆನ್ಸರಿನ ವೋಲ್ಟೇಜು ತೀರ ಕಡಿಮೆ, ಅಂದರೆ ಶಾರ್ಟಿನ ಗುಮಾನಿ. 15 ಬಂದರೆ ತೀರ ಹೆಚ್ಚು, ಎಲ್ಲೋ ವೈರು ಕಡಿದಿರಬೇಕು.

ಇದು ಸಾಧ್ಯವಾದದ್ದರ ಹಿಂದೆ ಇಡೀ ಚರಿತ್ರೆಯಲ್ಲೇ ಅತ್ಯಂತ ಜಾಣ ನಿರ್ಧಾರವೊಂದಿದೆ. ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಎಷ್ಟು ತೆರೆದಿದೆ ಎಂದು ಹೇಳುವ ಸೆನ್ಸರು ಸಾಮಾನ್ಯವಾಗಿ ಅರ್ಧ ವೋಲ್ಟಿನಿಂದ ನಾಲ್ಕೂವರೆ ವೋಲ್ಟಿನೊಳಗೇ ಮಾತಾಡುತ್ತದೆ. ಕೆಳಗಿನ ಅರ್ಧ ವೋಲ್ಟ್, ಮೇಲಿನ ಅರ್ಧ ವೋಲ್ಟ್ ಬೇಕೆಂದೇ ಖಾಲಿ. ಸರಿಯಾಗಿರುವ ಸೆನ್ಸರು ಎಂದೂ ಆ ಅಂಚಿಗೆ ಹೋಗದು. ಹಾಗಾಗಿ ಸೊನ್ನೆ ಕಂಡರೆ ಅದು ಅಳತೆಯಲ್ಲ, ಕೆಟ್ಟ ವೈರಿನ ದೂರು. ಉಪಯೋಗಿಸಬಹುದಾಗಿದ್ದ ಜಾಗವನ್ನು ತಪ್ಪಿಗಾಗಿ ಮೀಸಲಿಟ್ಟ ಆ ಎಂಜಿನಿಯರುಗಳ ದೂರದೃಷ್ಟಿಗೆ ರಿಪೇರಿಗಾರರು ಇಂದಿಗೂ ಋಣಿಗಳು.

ಕ್ಯಾಲಿಫೋರ್ನಿಯಾ 1988ರ ಮಾದರಿಗಳಿಂದ ಇಂಥ ಸ್ವಯಂ ತಪಾಸಣೆಯನ್ನು ಕಡ್ಡಾಯ ಮಾಡಿತು. 1996ರಿಂದ ಅಮೆರಿಕದಲ್ಲಿ ಮಾರುವ ಎಲ್ಲ ಕಾರುಗಳಿಗೂ ಒಂದೇ ಬಗೆಯ 16 ಪಿನ್ನಿನ ಸಾಕೆಟ್ಟು, ಒಂದೇ ಕೋಡ್ ಪಟ್ಟಿ. ಹಳೆಯ 14 ಅಲ್ಲಿ ಪಿ0117 ಆಯಿತು.

ಬೆಂಗಳೂರಿಗೆ ಈ ಚಿಂತೆ ತಡವಾಗಿ ತಟ್ಟಿತು. ಆಡುಗೋಡಿಯ ಮೈಕೊ ಕಾರ್ಖಾನೆ, ಬಾಷ್‌ನದೇ ಸಹಯೋಗದಲ್ಲಿ, ದಶಕಗಟ್ಟಲೆ ತಯಾರಿಸಿದ ಡೀಸೆಲ್ ಪಂಪುಗಳು ಪೂರಾ ಯಾಂತ್ರಿಕ. ಲಾರಿ ಮೆಕ್ಯಾನಿಕ್ಕಿಗೆ ಸ್ಪ್ಯಾನರು ಸಾಕಿತ್ತು. ಕಾರ್ಬ್ಯುರೇಟರಿನ ಮಾರುತಿ 800ಕ್ಕೆ ಎಂಪಿಎಫ್‌ಐ, ಅಂದರೆ ಕಂಪ್ಯೂಟರ್ ನಡೆಸುವ ಪೆಟ್ರೋಲ್ ಇಂಜೆಕ್ಷನ್, ಬಂದಾಗ ಗ್ಯಾರೇಜುಗಳಲ್ಲಿ ‘ಸ್ಕ್ಯಾನ್ ಹಾಕಿ ನೋಡಬೇಕು’ ಎಂಬ ಮಾತು ಶುರುವಾಯಿತು. 2020ರ ಏಪ್ರಿಲಿನಲ್ಲಿ ಬಿಎಸ್ 6 ಹೊಗೆ ನಿಯಮ ಬಂದ ಮೇಲಂತೂ ಬೈಕಿನ ಮೆಕ್ಯಾನಿಕ್ಕೂ ಕೋಡ್ ಓದಲೇಬೇಕಾಗಿದೆ.

ಆದರೂ ಸ್ಕ್ಯಾನರು ಯಾವ ಸರ್ಕೀಟು ಎನ್ನುತ್ತದೆಯೇ ಹೊರತು ಯಾವ ಜಾಗ ಎನ್ನುವುದಿಲ್ಲ. ಒಂದೇ 5 ವೋಲ್ಟನ್ನು ಹಲವು ಸೆನ್ಸರುಗಳು ಹಂಚಿಕೊಂಡಿರುವುದರಿಂದ ಒಂದು ಶಾರ್ಟ್ ಆದರೆ ಉಳಿದವೂ ಕೆಡುತ್ತವೆ. ಈ 5 ವೋಲ್ಟ್ ಕುಸಿದಿದೆ ಎನ್ನುವ ಪಿ0642 ಜೊತೆಗೆ ಕೋಡುಗಳ ಸಾಲೇ ಬಂದಾಗ ಅನುಭವಿ ಎಲೆಕ್ಟ್ರಿಷಿಯನ್ ಯಾವ ಸೆನ್ಸರನ್ನೂ ಬದಲಿಸಲು ಹೋಗುವುದಿಲ್ಲ. ಮೀಟರನ್ನು 5 ವೋಲ್ಟಿನ ವೈರಿಗೆ ಹಚ್ಚಿ, ಕಪ್ಲರುಗಳನ್ನು ಒಂದೊಂದಾಗಿ ಕಳಚುತ್ತಾನೆ. ಯಾವುದನ್ನು ಕಳಚಿದಾಗ 5 ವೋಲ್ಟ್ ಮರಳಿತೋ ಆ ಸೆನ್ಸರು ಅಥವಾ ಅದರ ಕವಲು ಕೆಟ್ಟಿದೆ. ಎಲ್ಲ ಕಳಚಿದರೂ ಮರಳದಿದ್ದರೆ ಕಂಪ್ಯೂಟರಿನ ಕಪ್ಲರನ್ನೂ ತೆಗೆದು, ಆ ವೈರಿಗೂ ಬಾಡಿಗೂ ನಡುವೆ ಮೀಟರು ಬೀಪ್ ಎನ್ನುತ್ತದೆಯೇ ಎಂದು ನೋಡುತ್ತಾನೆ. ಬೀಪ್ ಎಂದರೆ, ಎಂಜಿನ್ನಿನ ಕಂಪನಕ್ಕೆ ವೈರು ಉಜ್ಜುವ ಕ್ಲಾಂಪುಗಳ ಬಳಿ ಹುಡುಕಾಟ ಶುರು.